ಹಾಯಿ ಬೋಟು ಕೊಂಡರೆ ಹಾಕಿದ ದುಡ್ಡು ವಾಪಸ್ ಬರುತ್ತಾ?

ಸೌತಾಂಪ್ಟನ್ ಸೀನ: ಎಂಟು ವರ್ಷದಿಂದ ಇಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಸೊಲೆಂಟ್ ಜಲಸಂಧಿಯಲ್ಲಿ ಬೇರೆಯವರ ಬೋಟಿನ ಹಗ್ಗ ಎಳೆದು ಸಾಕಾಯ್ತು, ಸ್ವಂತದ್ದು ಬೇಕು. ಎರಡು ಕಣ್ಣಿಗೆ ಬಿದ್ದಿವೆ. ಒಂದು ಐದು ವರ್ಷ ಹಳೆಯ ಜರ್ಮನ್ ಬೋಟು, ಬವೇರಿಯಾ 34. ಇನ್ನೊಂದು 1975ರ ಇಂಗ್ಲಿಷ್ ಬೋಟು, ವೆಸ್ಟರ್ಲಿ ಸೆಂಟಾರ್, 26 ಅಡಿ. ಐದು ವರ್ಷ ಓಡಿಸಿ ಮಾರುವ ಯೋಚನೆ. ಯಾವುದರಲ್ಲಿ ಕೈ ಸುಡೋದು ಕಮ್ಮಿ?

ಪಣಂಬೂರು ಭಟ್ರು: ಸೆಂಟಾರೇ ತಗೊಳ್ಳಿ ಮಾರಾಯ್ರೆ. 1969ರಿಂದ 1980ರವರೆಗೆ ಎರಡು ಸಾವಿರಕ್ಕೂ ಜಾಸ್ತಿ ಕಟ್ಟಿದ್ದಾರೆ. ಬೆಲೆ ಇಳಿಯುವಷ್ಟು ಇಳಿದಾಗಿದೆ. ಅವಳಿ ಕೀಲು ನೋಡಿ, ಅಂದರೆ ತಳದಿಂದ ಕೆಳಗಿಳಿದ ಎರಡು ಭಾರದ ರೆಕ್ಕೆ; ಸಮುದ್ರ ಇಳಿತದ ಹೊತ್ತಿಗೆ ಅದರ ಮೇಲೆ ಕೆಸರಿನಲ್ಲಿ ಎಮ್ಮೆ ಹಾಗೆ ಆರಾಮಾಗಿ ಕೂರುತ್ತೆ. ಬೋಟು ಕಟ್ಟಿಹಾಕುವ ದುಬಾರಿ ಮರೀನಾದ ಬಾಡಿಗೆ ತಪ್ಪುತ್ತೆ.

ಲೆಕ್ಕದ ಲಕ್ಷ್ಮಿ: ಇಳಿದಿರುವುದು ಕೊಳ್ಳುವ ಬೆಲೆ ಮಾತ್ರ ಸರ್, ಖರ್ಚಲ್ಲ. ಮಾಸ್ಟ್, ಅಂದರೆ ಹಾಯಿಕಂಬ, ಹಿಡಿದಿರುವ ಸ್ಟೀಲ್ ವೈರಿಗೆ ಹತ್ತು ವರ್ಷ ದಾಟಿದರೆ ಎಷ್ಟೋ ಇನ್ಶೂರೆನ್ಸ್‌ನವರು ಬದಲಾಯಿಸಿ ಅಂತಾರೆ. ಹೊಸ ಎಂಜಿನ್ ಕೂರಿಸಬೇಕಾದರೆ ಬೋಟಿಗೆ ಕೊಟ್ಟದ್ದಕ್ಕಿಂತ ಅದಕ್ಕೇ ಜಾಸ್ತಿ ಆಗಬಹುದು. ಮಾರುವಾಗ ಆ ದುಡ್ಡನ್ನು ಯಾರೂ ಕೊಡಲ್ಲ.

ವಿಜಯನಗರದ ಹುಡುಗ: ಕಾರ್ ತರಾನೇ ಅಲ್ವಾ? ಒಳ್ಳೆ ಹೆಸರಿರೋದು ತಗೊಳ್ಳಿ. ಸ್ವೀಡನ್ನಿನ ಹಾಲ್‌ಬರ್ಗ್-ರಾಸ್ಸಿ ಕಂಪನಿಯ ಬೋಟಿನ ಬೆಲೆ ಅಷ್ಟು ಬೇಗ ಬೀಳಲ್ಲ ಅಂತಾರೆ.

ಲಿಮಿಂಗ್ಟನ್ ಲೋಕಿ: ಕಾರ್ ತರ ಅಲ್ಲ ಗುರು. ಮೂವತ್ತು ವರ್ಷದ ಕಾರು ಸಾಮಾನ್ಯವಾಗಿ ಗುಜರಿಗೆ. ಬೋಟಿನ ಫೈಬರ್ ಗ್ಲಾಸ್ ಹಲ್, ಅಂದರೆ ಹೊರಮೈ, ಐವತ್ತು ವರ್ಷ ಆದರೂ ಗಟ್ಟಿಯಾಗಿರುತ್ತೆ. ಹೆಸರಿಗೆ ಬೆಲೆ ಇದೆ, ನಿಜ. ಆ ಹೆಸರಿಗೇ ಮರುಳಾಗಿ ನಾನು ಪೆಟ್ಟು ತಿಂದೆ. ಯಾವ ಕಂಪನಿ ಅಂತ ಕೇಳಬೇಡಿ. ಮೇಲೆ ಓಡಾಡುವ ಡೆಕ್ಕಿಗೆ ತೇಗದ ಹಲಗೆ, ನೋಡಲು ಅರಮನೆ. ಹಲಗೆಗಳ ಸಂದಿನ ಕಪ್ಪು ರಬ್ಬರ್ ಎದ್ದಿತ್ತು, ಸ್ಕ್ರೂ ಮುಚ್ಚುವ ಮರದ ಬಿರಡೆ ಅಲ್ಲಲ್ಲಿ ಹಾರಿಹೋಗಿದ್ದವು. ಹಳೆಯದಲ್ವಾ ಅಂತ ಸುಮ್ನಾದೆ. ಆ ತೂತುಗಳಿಂದ ನೀರಿಳಿದು ಒಳಗಿನ ತಿರುಳು ಕೊಳೆತಿತ್ತು. ಮಾಸ್ಟ್ ಪಕ್ಕ ಕಾಲಿಟ್ಟರೆ ನೆನೆದ ರಸ್ಕಿನ ಹಾಗೆ ಮೆತ್ತಗೆ! ಅಷ್ಟೂ ಕಿತ್ತು ಹೊಸದು ಹಾಕಿಸಿದೆ. ಕೊಂಡ ಬೆಲೆಗೇ ಮಾರಿದೆ, ಡೆಕ್ಕಿನ ದುಡ್ಡು ನೀರಿಗೆ.

ಲೆಕ್ಕದ ಲಕ್ಷ್ಮಿ: ಕೊಳ್ಳುವ ಮುಂಚೆ ಬೋಟು ಪರೀಕ್ಷಿಸೋ ಸರ್ವೇಯರ್‌ನ ಕರೆಸಲಿಲ್ವಾ?

ಲಿಮಿಂಗ್ಟನ್ ಲೋಕಿ: ಮಾರುವವರೇ ಒಬ್ಬರನ್ನು ಗೊತ್ತುಮಾಡಿಕೊಟ್ಟಿದ್ದರು. ನಗಬೇಡಿ.

ಲೆಕ್ಕದ ಲಕ್ಷ್ಮಿ: ಸೀನ ಅವರೇ, ಬವೇರಿಯಾದಲ್ಲಿ ವೋಲ್ವೋ ಪೆಂಟಾ ಸೇಲ್‌ಡ್ರೈವ್ (ಎಂಜಿನ್ನಿಂದ ತಳದ ಮೂಲಕ ಕೆಳಗಿಳಿದು ಪ್ರೊಪೆಲ್ಲರ್ ತಿರುಗಿಸುವ ಭಾಗ) ಇದ್ದರೆ, ಆ ತೂತಿನಿಂದ ನೀರು ಒಳಬರದಂತೆ ತಡೆಯುವ ರಬ್ಬರ್ ಡಯಾಫ್ರಮ್ ಏಳು ವರ್ಷಕ್ಕೆ ಬದಲಿಸಬೇಕು ಅಂತ ಕಂಪನಿಯೇ ಹೇಳುತ್ತೆ. ಅಂದರೆ ನಿಮ್ಮ ತಲೆ ಮೇಲೇ ಬರುತ್ತೆ. ವ್ಯಾಟ್ ಕಟ್ಟಿದ ಕಾಗದವನ್ನೂ ಕೇಳಿ. ಅದಿಲ್ಲದ ಬೋಟನ್ನು ಮುಂದೆ ಮಾರುವಾಗ ಚೌಕಾಸಿ ಶುರುವಾಗುತ್ತೆ.

ಪಣಂಬೂರು ಭಟ್ರು: ಸೆಂಟಾರ್ ನೋಡಲು ಹೋದರೆ ಟಾರ್ಚ್ ಹಿಡಿದು ಕೀಲು ಹಲ್‌ಗೆ ಸೇರುವ ಜಾಗ ನೋಡಿ. ಅಲ್ಲಿ ಬಿರುಕು ಬರುತ್ತೆ, ಒಳಗಿಂದ ಬಲಪಡಿಸಿದ್ದಾರಾ ಕೇಳಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಬಿಸಿಯಾದ ಮೇಲೆ ಮುದಿ ಎಂಜಿನ್ನೂ ಸುಲಭವಾಗಿ ಏಳುತ್ತೆ.

ಸೌತಾಂಪ್ಟನ್ ಸೀನ: ಭಟ್ರೇ, ಸೆಂಟಾರ್ ಮಾಲೀಕರ ಮೆಸೇಜ್ ಈಗಷ್ಟೇ ಬಂತು: "ಶನಿವಾರ ಬನ್ನಿ, ಎಂಜಿನ್ ಬಿಸಿ ಮಾಡಿ ಇಟ್ಟಿರುತ್ತೇನೆ."

ಪಣಂಬೂರು ಭಟ್ರು: ಶುಕ್ರವಾರವೇ ಹೋಗಿ ಮಾರಾಯ್ರೆ.