ಎಕ್ಸ್(3872): ಜಾಡೇ ಮೂಡಿಸದ ಕಣದ ಸ್ಪಿನ್ ಅಳೆಯೋದು ಹೇಗೆ?

ಸಾಗರದ ಮೇಷ್ಟ್ರು:
ನಮಸ್ಕಾರ. ಪಿಯುಸಿಗೆ ಫಿಸಿಕ್ಸ್ ಹೇಳ್ತೀನಿ. 2003ರಲ್ಲಿ ಜಪಾನಿನ ಬೆಲ್ ಪ್ರಯೋಗದಲ್ಲಿ ಸಿಕ್ಕ ಎಕ್ಸ್(3872) ಕಣದ ಸ್ಪಿನ್ (ಕಣದ ಸ್ವಂತ ಕೋನೀಯ ಸಂವೇಗ) 1 ಅಂತ ಖಚಿತವಾಗಿ ಬರೀತಾರೆ. ಹುಟ್ಟಿದ ಜಾಗದಲ್ಲೇ ಒಡೆದುಹೋಗುತ್ತೆ, ಡಿಟೆಕ್ಟರಿನಲ್ಲಿ ಜಾಡೂ ಇಲ್ಲ. ಮತ್ತೆ ಸ್ಪಿನ್ ಹೇಗೆ ಗೊತ್ತಾಯ್ತು? ಹುಡುಗರಿಗೆ "ಲೆಕ್ಕ ಹಾಕ್ತಾರೆ" ಅಂದರೆ ಸಾಲದು.

ಮಂಡ್ಯ ಹುಡುಗ:
ರಾಶಿ ಸುಲಭ ಸರ್. ಅದು ಒಡೆದು ಜೆ/ಸೈ ಅನ್ನೋ ಕಣ ಮತ್ತು ಎರಡು ಪಯಾನ್ ಅನ್ನೋ ಹಗುರ ಕಣ ಆಗುತ್ತೆ, ಜೆ/ಸೈ ಒಡೆದು ಎರಡು ಮ್ಯೂಯಾನ್ ಆಗುತ್ತೆ. ನಾಲ್ಕರ ಶಕ್ತಿ, ಸಂವೇಗ ಕೂಡಿಸಿದರೆ ರಾಶಿ ಸಿಗುತ್ತೆ. ಸ್ಪಿನ್ ನನಗೂ ಬೇಕು.

ಶರಾವತಿ:
ಸರ್, ಪಿಎಚ್‌ಡಿಯಲ್ಲಿ ಇಂಥ ಕೋನಗಳ ಜೊತೆಗೇ ಇದ್ದವಳು ನಾನು, ಇವತ್ತಿಗೂ ಇದು ನನಗೆ ತುಂಬ ಇಷ್ಟದ ವಿಷಯ. ಗುಟ್ಟಿರೋದು ಕಣ ಹುಟ್ಟುವ ರೀತಿಯಲ್ಲಿ. ಬಿ ಮೆಸಾನ್ ಅನ್ನೋ ಭಾರದ ಕಣ ಒಡೆದಾಗ ಎಕ್ಸ್ ಒಂದು ಕಡೆ, ಕೇಯಾನ್ ಅನ್ನೋ ಇನ್ನೊಂದು ಕಣ ಅದರ ಎದುರು ದಿಕ್ಕಿಗೆ ಹಾರುತ್ತವೆ. ಬಿ ಸ್ಪಿನ್ ಸೊನ್ನೆ, ಕೇಯಾನ್ ಸ್ಪಿನ್ನೂ ಸೊನ್ನೆ. ಕಕ್ಷೀಯ ಕೋನೀಯ ಸಂವೇಗಕ್ಕೆ ಹಾರುವ ದಿಕ್ಕಿನಲ್ಲಿ ಅಂಶವೇ ಇರಲ್ಲ. ಹಾಗಾಗಿ ಎಕ್ಸ್‌ನ ಸ್ಪಿನ್ನಿಗೂ ಆ ದಿಕ್ಕಿನಲ್ಲಿ ಸೊನ್ನೆಯೇ ಇರಬೇಕು. ಅಂದರೆ ಕಣ ಯಾವ ಸ್ಥಿತಿಯಲ್ಲಿ ಹೊರಟಿತು ಅಂತ ನಮಗೆ ಮೊದಲೇ ಗೊತ್ತು. ಅಲ್ಲಿಂದ ಮ್ಯೂಯಾನ್, ಪಯಾನ್‌ಗಳು ಯಾವ ಕೋನಕ್ಕೆ ಎಷ್ಟು ಸಲ ಹೋಗುತ್ತವೆ ಅನ್ನೋದನ್ನ ಸ್ಪಿನ್, ಪ್ಯಾರಿಟಿ (ಕನ್ನಡಿಯಲ್ಲಿ ತಿರುಗಿಸಿದಂತೆ ದಿಕ್ಕುಗಳನ್ನ ಬದಲಿಸಿದಾಗ ಕಣದ ಚಿಹ್ನೆ ಉಳಿಯುತ್ತೋ ಬದಲಾಗುತ್ತೋ ಅನ್ನೋದು) ಇವೇ ತೀರ್ಮಾನಿಸುತ್ತವೆ.

ಫರ್ಮಿಲ್ಯಾಬಿನ ಸಿಡಿಎಫ್ ತಂಡ 2007ರಲ್ಲೇ ಎರಡು ಆಯ್ಕೆ ಉಳಿಸಿತ್ತು: ಸ್ಪಿನ್ 1, ಪ್ಯಾರಿಟಿ ಧನ, ಇಲ್ಲವೇ ಸ್ಪಿನ್ 2, ಪ್ಯಾರಿಟಿ ಋಣ. ಎರಡನೆಯದಾಗಿದ್ದರೆ ಇದು ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿಕಣದ ಮಾಮೂಲಿ ಜೋಡಿ ಅನ್ನೋಕೆ ದಾರಿ ಇರುತ್ತಿತ್ತು. 2013ರಲ್ಲಿ ಸರ್ನ್‌ನ ಎಲ್‌ಎಚ್‌ಸಿಬಿ ತಂಡ ಸುಮಾರು 313 ಎಕ್ಸ್‌ಗಳ ಐದು ಕೋನಗಳನ್ನ ಒಟ್ಟಿಗೇ ಹೊಂದಿಸಿ ನೋಡಿ, ಸ್ಪಿನ್ 2 ಅನ್ನು ಎಂಟು ಸಿಗ್ಮಾಗಿಂತ (ಸಿಗ್ಮಾ ಅಂದರೆ ಅಂಕಿಅಂಶದ ಖಾತ್ರಿಯ ಅಳತೆ) ಹೆಚ್ಚು ಖಾತ್ರಿಯಿಂದ ತಳ್ಳಿಹಾಕಿತು. ಮುನ್ನೂರು ಚಿಲ್ಲರೆ ಘಟನೆಗಳಲ್ಲಿ ಇಷ್ಟು ಸ್ಪಷ್ಟ ಉತ್ತರ ಸಿಕ್ಕಿದ್ದು ಐದೂ ಕೋನಗಳನ್ನ ಬಿಡಿಸದೆ ಜೊತೆಯಲ್ಲೇ ನೋಡಿದ್ದರಿಂದ.

ಸಾಗರದ ಮೇಷ್ಟ್ರು:
ಮೇಡಂ, ಇದನ್ನ ಬೋರ್ಡ್ ಮೇಲೆ ಬಿಡಿಸಬಹುದು! ಕಣದ ಆಯುಷ್ಯ ತಿಳಿಯೋಕೆ ರಾಶಿಯ ನಕ್ಷೆಯಲ್ಲಿ ಏಳುವ ಶಿಖರದ ಅಗಲ ನೋಡ್ತಾರಂತೆ (ಅಗಲ ಹೆಚ್ಚಿದಷ್ಟೂ ಆಯುಷ್ಯ ಕಮ್ಮಿ), ಅದೂ ಇಷ್ಟೇ ಖಚಿತವೇ?

ಶರಾವತಿ:
ಇಲ್ಲ ಸರ್, ಅದು ಕಷ್ಟದ್ದು. ಡಿಟೆಕ್ಟರೇ ಆ ಶಿಖರದ ಗೆರೆಯನ್ನ ಎರಡು–ಮೂರು ಎಂಇವಿ (ಕಣಗಳ ಶಕ್ತಿ, ರಾಶಿ ಅಳೆಯುವ ಮಾನ) ಹರಡಿಬಿಡುತ್ತೆ. ಆ ಹರಡಿಕೆ ತಿಳಿಯೋಕೆ ಸೈ(2ಎಸ್) ಅನ್ನೋ ಇನ್ನೊಂದು ಕಣ ಇದೆ: ಅದೂ ಜೆ/ಸೈ ಮತ್ತು ಎರಡು ಪಯಾನ್ ಆಗುತ್ತೆ, ಅದರ ಸ್ವಂತ ಅಗಲ ಸುಮಾರು 0.3 ಎಂಇವಿ ಅಷ್ಟೇ. ಮಿಕ್ಕಿದ್ದು ಯಂತ್ರದ್ದು. ಹೀಗೆ 2020ರಲ್ಲಿ ಎಕ್ಸ್‌ಗೆ ಬಂದದ್ದು ಸುಮಾರು 1.2 ಎಂಇವಿ.

ಆದರೆ ಅದು ಶಿಖರಕ್ಕೆ ಬ್ರೈಟ್–ವಿಗ್ನರ್ ಅನ್ನೋ ಮಾಮೂಲಿ ಆಕಾರ ಒಪ್ಪಿಕೊಂಡರೆ ಮಾತ್ರ. ಎಕ್ಸ್‌ನ ರಾಶಿ ಡಿ0 ಮತ್ತು ಡಿ*0 ಮೆಸಾನ್‌ಗಳ ಒಟ್ಟು ರಾಶಿಯ ಅಂಚಿನಲ್ಲೇ ಕೂತಿದೆ. ಎಕ್ಸ್ ಆ ಎರಡು ಮೆಸಾನ್‌ಗಳಾಗಿ ಒಡೆಯುವ ಬಾಗಿಲನ್ನೂ ಲೆಕ್ಕಕ್ಕೆ ಸೇರಿಸುವ ಫ್ಲಾಟೆ ಸೂತ್ರ ಹಾಕಿದರೆ ಅದೇ ದತ್ತಾಂಶದಲ್ಲಿ 0.22 ಎಂಇವಿ ಬರುತ್ತೆ. ಯಂತ್ರದ ಹರಡಿಕೆ ಸೇರಿದ ಮೇಲೆ ಎರಡು ಗೆರೆಗಳೂ ಒಂದೇ ಥರ ಕಾಣುತ್ತವೆ. ಈ ಗಂಟು ಬಿಚ್ಚೋಕೆ ಡಿ ಮೆಸಾನ್‌ಗಳಿಗೆ ಒಡೆಯುವ ದಾರಿಯನ್ನೂ ಸೇರಿಸಿ ಹೊಂದಿಸಬೇಕು. ಬೀಜಿಂಗಿನ ಬಿಇಎಸ್‌-3 ತಂಡ ಆ ಕೆಲಸಕ್ಕೆ ಕೈ ಹಾಕಿದೆ.