‘ಸೆಕೆಂಡ್’ ಅಂದರೆ ಎಲ್ಲ ಕಡೆ ‘ಎರಡನೇ’ ಅಂತಲೇ ಬರೆಯಬಹುದಾ?

ಪ್ರಶ್ನೆ (ಹಾಸನ):
ನಮ್ಮ ಸಹಕಾರ ಸಂಘದ ಹಳೇ ಇಂಗ್ಲಿಷ್ ನಡಾವಳಿ ಪುಸ್ತಕ ಕನ್ನಡಕ್ಕೆ ತರಬೇಕಿದೆ. ಪ್ರತಿ ಠರಾವಿನ ಕೆಳಗೂ ‘ಸೆಕೆಂಡೆಡ್ ಬೈ’ ಇದೆ. ಒಬ್ಬ ಗುಮಾಸ್ತರು ‘ಸೆಕೆಂಡೆಡ್ ಟು ಅರಸೀಕೆರೆ’. ಸಭೆ ‘ಎವ್ರಿ ಸೆಕೆಂಡ್ ಸ್ಯಾಟರ್‌ಡೇ’. ಏನು ಬರೆಯಲಿ?

ಉತ್ತರ 1 (ಚಿಕ್ಕಮಗಳೂರು):
ಮುಂದಿನ ಪದ ನೋಡಿ ಸಾರ್. ‘ಬೈ’ ಇದ್ದರೆ ಠರಾವಿಗೆ ಬೆಂಬಲ ಕೊಟ್ಟವರು, ಅಂದರೆ ಅನುಮೋದಕರು. ‘ಟು’ ಇದ್ದು ಊರೋ ಕಚೇರಿಯೋ ಬಂದರೆ ನಿಯೋಜನೆ: ಹುದ್ದೆ ಇಲ್ಲೇ, ಕೆಲಸ ತಾತ್ಕಾಲಿಕವಾಗಿ ಅಲ್ಲಿ. ಅದನ್ನು ವರ್ಗಾವಣೆ ಅಂತ ಬರೆದರೆ ಅರ್ಥವೇ ಕೆಡುತ್ತದೆ. ಬ್ರಿಟಿಷರ ಉಚ್ಚಾರವೂ ಬೇರೆ, ಈ ಅರ್ಥದಲ್ಲಿ ‘ಸಿಕಾಂಡ್’ ಅಂತ ಕೊನೆಗೆ ಒತ್ತು.

ಇನ್ನೊಂದು ಎಚ್ಚರಿಕೆ. ಠರಾವು ಪಾಸಾದದ್ದಕ್ಕೂ ‘ಅನುಮೋದಿಸಲಾಯಿತು’ ಅಂತ ಬರೆದರೆ, ಬೆಂಬಲಿಸಿದ್ದು ಯಾರು, ಒಪ್ಪಿದ್ದು ಯಾರು ಅನ್ನೋದೇ ಗೊತ್ತಾಗಲ್ಲ. ಸೂಚಕರು, ಅನುಮೋದಕರು, ಆಮೇಲೆ ‘ಸಭೆ ಅಂಗೀಕರಿಸಿತು’, ಹೀಗೆ ಮೂರು ಪದ ಬೇರೆ ಬೇರೆ ಇಟ್ಟುಕೊಳ್ಳಿ.

ಉತ್ತರ 2 (ಸಕಲೇಶಪುರ):
ಶನಿವಾರದ್ದೇ ನಿಜವಾದ ತೊಡಕು. ತಿಂಗಳ ಎರಡನೇ ಶನಿವಾರ ಅಂತಲೂ ಆಗುತ್ತದೆ, ವಾರ ಬಿಟ್ಟು ವಾರ ಅಂತಲೂ ಆಗುತ್ತದೆ. ಮೊದಲನೆಯದಾದರೆ ವರ್ಷಕ್ಕೆ 12 ಸಭೆ, ಎರಡನೆಯದಾದರೆ 26. ಪುಸ್ತಕದ ತಾರೀಖುಗಳನ್ನೇ ನೋಡಿ: ತಿಂಗಳ ಎರಡನೇ ಶನಿವಾರ ಯಾವಾಗಲೂ 8ರಿಂದ 14ರೊಳಗೇ ಬೀಳುತ್ತದೆ. 1, 15, 29 ಅಂತೆಲ್ಲ ಇದ್ದು ನಡುವೆ 14 ದಿನದ ಅಂತರವಿದ್ದರೆ ವಾರ ಬಿಟ್ಟು ವಾರ.

‘ಎವ್ರಿ ಸೆಕೆಂಡ್ ಡೇ’ಗೂ ಜೋಪಾನ. ಅದು ದಿನ ಬಿಟ್ಟು ದಿನ. ‘ಎರಡು ದಿನ ಬಿಟ್ಟು’ ಅಂದರೆ ಮೂರನೇ ದಿನಕ್ಕೆ ಹೋಗಿಬಿಡುತ್ತದೆ. ಔಷಧಿ ಚೀಟಿಯಲ್ಲಿ ಹೀಗಾದರೆ ಅಪಾಯ.

ಉತ್ತರ 3 (ಮೂಡಿಗೆರೆ):
ಮೂಲ ಗೊತ್ತಿದ್ದರೆ ಗೊಂದಲ ಕಡಿಮೆ. ಲ್ಯಾಟಿನ್‌ನ ‘ಸೆಕುಂಡುಸ್’ ಅಂದರೆ ಹಿಂದೆ ಬರುವಂಥದ್ದು. ಒಬ್ಬರ ಮಾತಿನ ಬೆನ್ನಿಗೆ ನಿಲ್ಲುವವರು ಸೆಕೆಂಡ್ ಮಾಡುವವರಾದದ್ದು ಈ ಅರ್ಥಕ್ಕೆ ಎಷ್ಟು ಹತ್ತಿರ ನೋಡಿ. ಗಂಟೆಯನ್ನು 60 ಭಾಗ ಮಾಡಿದರೆ ನಿಮಿಷ, ಅದನ್ನು ಎರಡನೇ ಸಲ 60 ಮಾಡಿದ್ದಕ್ಕೆ ಕಾಲದ ಸೆಕೆಂಡ್‌ಗೂ ಅದೇ ಹೆಸರು. ಹಳೇ ಇಂಗ್ಲಿಷಿನಲ್ಲಿ ಎರಡನೆಯದಕ್ಕೂ ‘ಅದರ್’ ಪದದ ಹಳೇ ರೂಪವನ್ನೇ ಬಳಸುತ್ತಿದ್ದರು. ‘ಸೆಕೆಂಡ್’ ಆಮೇಲೆ ಫ್ರೆಂಚಿನಿಂದ ಬಂತು.

ನಡಾವಳಿಯ ಸಾಮಾನಿನ ಪಟ್ಟಿಯಲ್ಲಿ ‘ಸೆಕೆಂಡ್ಸ್’ ಅಂತ ಸಿಕ್ಕರೆ ಸೆಕೆಂಡ್ ಹ್ಯಾಂಡ್ ಮಾಲು ಅಂದುಕೊಳ್ಳಬೇಡಿ. ಹೊಸದೇ, ತಯಾರಿಕೆಯಲ್ಲಿ ಸಣ್ಣ ಊನ ಇರುವಂಥದ್ದು. ಗಡಿಯಾರದ ವಿಷಯದಲ್ಲಿ ‘ಸೆಕೆಂಡ್ ಹ್ಯಾಂಡ್’ ಬಂದರೆ ಸೆಕೆಂಡ್ ಮುಳ್ಳೂ ಇರಬಹುದು, ಹಿಂದುಮುಂದಿನ ವಾಕ್ಯ ಓದಿ ಬರೆಯಿರಿ.