ಫಿಜಿ 1929ರ ಎಲೆಕ್ಷನ್: ಗೆದ್ದ ಮೂವರೂ ರಾಜೀನಾಮೆ ಕೊಟ್ಟಿದ್ಯಾಕೆ?

ದುರ್ಗದ ಓದುಗ:
ಕೆಎಎಸ್‌ಗೆ ಓದ್ತಿದೀನಿ, ಚಿತ್ರದುರ್ಗದಲ್ಲಿ ರೂಮ್ ಮಾಡ್ಕಂಡು. ಬ್ರಿಟಿಷರ ಆಳ್ವಿಕೆಲಿದ್ದ ಫಿಜಿಗೆ ಕರಾರಿನ ಮೇಲೆ ದುಡಿಯೋಕೆ ಹೋದ ಭಾರತೀಯರ, ಅಂದ್ರೆ ಗಿರ್ಮಿಟ್ ಕೂಲಿಗಳ ಬಗ್ಗೆ ನೋಟ್ಸ್ ಮಾಡ್ತಾ ಇದ್ದಾಗ ಒಂದು ವಿಷಯ ಸಿಕ್ತು, 1929ರಲ್ಲಿ ಅಲ್ಲಿನ ಲೆಜಿಸ್ಲೇಟಿವ್ ಕೌನ್ಸಿಲ್‌ಗೆ (ಕಾನೂನು ಮಾಡೋ ಸಭೆ) ಭಾರತೀಯರು ಮೊದಲನೇ ಸಲ ವೋಟ್ ಹಾಕಿ ಮೂರು ಜನನ್ನ ಗೆಲ್ಲಿಸಿದ್ರು, ಆ ಮೂವರೂ ಅದೇ ವರ್ಷ ಸೀಟು ಬಿಟ್ಟು ಹೊರಗೆ ಬಂದ್ರಂತೆ. ಅಷ್ಟು ಕಷ್ಟಪಟ್ಟು ಸಿಕ್ಕ ಸೀಟು ಅಲ್ವಾ, ಯಾಕ್ ಬಿಟ್ರು?

ಪಿಜೆ ಬಡಾವಣೆ:
ಮೊದ್ಲು ಗಿರ್ಮಿಟ್ ಅಂದ್ಕೂಡ್ಲೇ ನಮ್ ದಾವಣಗೆರೆಯೋರಿಗೆ ಮಂಡಕ್ಕಿ ನೆನಪಾಗತ್ತೆ 😀 ಅಗ್ರಿಮೆಂಟ್ ಅನ್ನೋದು ಕೂಲಿಗಳ ಬಾಯಲ್ಲಿ ಹಂಗಾಗಿದ್ದು. ವಿಷಯಕ್ಕೆ ಬರ್ತೀನಿ. ಸೀಟು ಕೊಟ್ಟಿದ್ರು ನಿಜ, ಆದ್ರೆ ಡಬ್ಬಿ ಬೇರೆ ಬೇರೆ. ಯುರೋಪಿಯನ್ನರ ಪಟ್ಟಿ ಬೇರೆ, ಭಾರತೀಯರ ಪಟ್ಟಿ ಬೇರೆ. 1921ರ ಸೆನ್ಸಸ್ ಪ್ರಕಾರ ಯುರೋಪಿಯನ್ನರು 4 ಸಾವಿರಕ್ಕೂ ಕಮ್ಮಿ, ಅವರಿಗೆ 6 ಸೀಟು, ಭಾರತೀಯರು 60 ಸಾವಿರ ದಾಟಿದ್ರು, ಅವರಿಗೆ 3. ಮೇಲಿಂದ ಸರ್ಕಾರಿ ಅಧಿಕಾರಿಗಳದ್ದೇ ಮೆಜಾರಿಟಿ. ವಿಷ್ಣು ದೇವ್, ಪರ್ಮಾನಂದ್ ಸಿಂಗ್, ಜೇಮ್ಸ್ ರಾಮಚಂದರ್ ರಾವ್ ಗೆದ್ದಿದ್ದು. ಕಾಮನ್ ರೋಲ್ ಕೊಡಿ, ಎಲ್ರೂ ಒಂದೇ ಪಟ್ಟಿಲಿ ವೋಟ್ ಹಾಕ್ಲಿ ಅಂತ ವಿಷ್ಣು ದೇವ್ ಠರಾವು ಮಂಡಿಸಿದ್ರು, ಬಿದ್ದೋಯ್ತು, ಮೂವರೂ ಎದ್ದು ಹೊರಗೆ ನಡೆದ್ರು. ನನ್ ಕೇಳಿದ್ರೆ ಸರಿಯಾಗೇ ಮಾಡಿದ್ರು, ಅಲ್ಲಿ ಕೂತ್ಕಂಡಿದ್ರೆ ಆ ವ್ಯವಸ್ಥೆಗೆ ಅವರೇ ಸಹಿ ಹಾಕ್ದಂಗಾಗೋದು.

ಹಳೇ ಮೇಷ್ಟ್ರು:
ಒಂದು ತಿದ್ದುಪಡಿ ಸೇರಿಸ್ಕಳ್ಳಿ, ‘ಭಾರತೀಯರಿಗೆ ವೋಟು ಬಂತು’ ಅಂತ ಪೂರ್ತಿ ಬರೆದ್ರೆ ತಪ್ಪಾಗತ್ತೆ, ಗಂಡಸರಿಗೆ ಮಾತ್ರ, ಅದೂ ಆಸ್ತಿ ಅಥವಾ ಆದಾಯ ತೋರಿಸೋರಿಗೆ, ಕಬ್ಬು ಕಡಿಯೋ ಬಡ ಕೂಲಿಗೆ ಎಲ್ಲಿಂದ ಬರತ್ತೆ. ಇನ್ನೊಂದು ಯಾರೂ ಹೇಳದೇ ಇರೋದು, ಆ ನೆಲದ ಮೂಲ ಫಿಜಿಯನ್ನರಿಗೆ ವೋಟೇ ಇರಲಿಲ್ಲ, ಮುಖಂಡರ ಸಭೆ ಕೊಟ್ಟ ಹೆಸರಿಂದ ಗವರ್ನರ್ ಮೂರು ಜನನ್ನ ನೇಮಕ ಮಾಡ್ತಿದ್ದ. ಅವರಿಗೂ ಹೆಂಗಸರಿಗೂ ವೋಟು ಸಿಕ್ಕಿದ್ದು 1963ರಲ್ಲಿ. ನಮ್ಮಲ್ಲೂ ಅಷ್ಟೇ ಅಲ್ವೇ, ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ್ರೂ ಚುನಾವಣೆ ಬಂದಿದ್ದು 1891ರಲ್ಲಿ, ಅದೂ ಆಸ್ತಿವಂತರಿಗೆ. ಬೇರೆ ಬೇರೆ ಪಟ್ಟಿ ಅನ್ನೋ ಬೀಜಾನೂ 1909ರಲ್ಲಿ ಮುಸ್ಲಿಮರಿಗೆ ಬೇರೆ ಪಟ್ಟಿ ಕೊಟ್ಟ ಮಿಂಟೋ-ಮಾರ್ಲೆ ಸುಧಾರಣೆ ಇಲ್ಲೇ ಬಿತ್ತಿದ್ದು.

ದುರ್ಗದ ಓದುಗ:
ಥ್ಯಾಂಕ್ಸ್ ಇಬ್ರಿಗೂ. ಮೂಲ ಫಿಜಿಯನ್ನರ ವಿಷ್ಯ ನನ್ ನೋಟ್ಸ್‌ನಲ್ಲಿ ಒಂದ್ ಸಾಲೂ ಇರಲಿಲ್ಲ ಮೇಷ್ಟ್ರೇ, ಈಗ ಆ ಪುಟಾನೇ ಹರಿದು ಬರೀತಿದೀನಿ. ಮಂಡಕ್ಕಿ ಮಾತ್ರ ಬಿಡಲ್ಲ.